ಕ್ರೀಮ್ ಚೀಸ್: ಅಂಗಡಿಯದೋ, ನಿಂಬೆರಸದ್ದೋ, ಹೆಪ್ಪು ಹಾಕಿದ್ದೋ?

ಅಂಗಡಿಯ ಕ್ರೀಮ್ ಚೀಸ್ ನೀರು ಬಿಡದಿರಲೆಂದು ಅದಕ್ಕೆ ಸಾಮಾನ್ಯವಾಗಿ ಗೌರ್ ಗಮ್, ಕ್ಯಾರಬ್ ಗಮ್‌ಗಳಂಥ ಅಂಟುಗಳನ್ನೂ, ಕೆಲವೊಮ್ಮೆ ಪೊಟ್ಯಾಸಿಯಮ್ ಸಾರ್ಬೇಟ್ ಎಂಬ ಸಂರಕ್ಷಕವನ್ನೂ ಸೇರಿಸಿರುತ್ತಾರೆ. ಇವು ಬೇಡವೆನ್ನುವವರಿಗೆ ಮನೆಯಲ್ಲಿ ಎರಡು ದಾರಿಗಳಿವೆ.

ಕಾಯಿಸಿದ ಹಾಲನ್ನು ನಿಂಬೆರಸದಿಂದ ಒಡೆಸಿ, ಸೋಸಿ, ಮಿಕ್ಸಿಯಲ್ಲಿ ರುಬ್ಬುವ ವಿಧಾನ ಬೇಗ ಮುಗಿಯುತ್ತದೆ. ಆದರೆ ಸಿಗುವುದು ನುಣ್ಣಗಾದ ಪನೀರ್, ಅದರಲ್ಲಿ ತುಸು ತರಿ ಉಳಿದೇ ಉಳಿಯುತ್ತದೆ.

ನಾನು ಒತ್ತಿಹೇಳುವುದು ಎರಡನೆಯದನ್ನು. 1 ಲೀಟರ್ ಗಟ್ಟಿ ಹಾಲಿಗೆ 200 ಮಿ.ಲೀ. ಕ್ರೀಮ್ ಬೆರೆಸಿ, ಕಾಯಿಸಿ, ಉಗುರುಬೆಚ್ಚಗಾದಾಗ ಹೆಪ್ಪು ಹಾಕಿ, ಮರುದಿನ ತೆಳುಬಟ್ಟೆಯಲ್ಲಿ ಕಟ್ಟಿ ಫ್ರಿಜ್‌ನಲ್ಲಿ ರಾತ್ರಿಯಿಡೀ ಸೋರಲು ಬಿಟ್ಟರೆ, ಲ್ಯಾಕ್ಟಿಕ್ ಆಮ್ಲ ನಿಧಾನವಾಗಿ ಹುಟ್ಟುವುದರಿಂದ ಮುದ್ದೆ ಮೃದುವಾಗಿಯೂ ಹಿತವಾದ ಹುಳಿಯಿಂದಲೂ ಕೂಡಿರುತ್ತದೆ. ಪ್ಯಾಕೆಟ್ ಕ್ರೀಮ್‌ನಲ್ಲಿಯೂ ಇಂಥ ಅಂಟುಗಳು (ಸ್ಥಿರಕಾರಿಗಳು) ಇರಬಹುದು. ಆದ್ದರಿಂದ ಲೇಬಲ್ ಓದಿ, ಇಲ್ಲವೇ ಮನೆಯ ಹಾಲಿನ ಕೆನೆಯನ್ನೇ ಬಳಸಿ.

ಬ್ರೆಡ್ಡಿಗೆ ಸವರಲು ಹೆಪ್ಪಿನದೇ ಉತ್ತಮ, ಆದರೆ ನಾಲ್ಕೈದು ದಿನಗಳೊಳಗೆ ಮುಗಿಸಬೇಕು. ಬೇಯಿಸುವ ಚೀಸ್‌ಕೇಕಿಗೆ ಮಾತ್ರ ಅಂಗಡಿಯದು ಹೆಚ್ಚು ನಂಬಿಕೆಗೆ ಅರ್ಹ: ಅಮೆರಿಕದ ನಿಯಮದಂತೆ ಕ್ರೀಮ್ ಚೀಸ್‌ನಲ್ಲಿ ಕನಿಷ್ಠ ಶೇ. 33ರಷ್ಟು ಹಾಲಿನ ಕೊಬ್ಬು ಇರಬೇಕು, ತೇವಾಂಶ ಶೇ. 55ನ್ನು ಮೀರಬಾರದು, ಮನೆಯದರಲ್ಲಿ ಈ ಪ್ರಮಾಣ ಪ್ರತಿಸಲವೂ ಬದಲಾಗುತ್ತದೆ.