ಅಜ್ಜನ ಹೆಸರು ಯಾವ ಕಲ್ಲಿನಲ್ಲಿದೆ? ವಾರ್ ಗ್ರೇವ್ಸ್ ಕಮಿಷನ್ನಿನ ಹುಡುಕಾಟ ಸೇವೆ

ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಪರ ಸತ್ತ, ಭಾರತೀಯ ಸಿಪಾಯಿಗಳೂ ಸೇರಿದ ಸುಮಾರು 17 ಲಕ್ಷ ಜನರ ದಾಖಲೆಯನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ತನ್ನ ಜಾಲತಾಣದಲ್ಲಿ ಪುಕ್ಕಟೆಯಾಗಿ ಹುಡುಕಲು ಬಿಟ್ಟಿದೆ. ಮಂಗಳೂರು, ಉಡುಪಿ ಕಡೆಯವರಿಗೆ ಒಳ್ಳೆಯ ಸೇವೆಯೇ. ಆದರೆ ಹುಡುಕುವ ಕ್ರಮ ಗೊತ್ತಿಲ್ಲದಿದ್ದರೆ ಐದೇ ನಿಮಿಷದಲ್ಲಿ ‘ಇಲ್ಲ ಮಾರಾಯ್ರೆ’ ಎಂದು ಕೈಬಿಡುತ್ತೀರಿ.

ಮೊದಲ ತೊಡಕು ಕಾಗುಣಿತ. ಪಲ್ಟಣದ ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಗೀಚಿದ್ದೇ ಕೊನೆಗೆ ದಾಖಲೆ. ಶೆಟ್ಟಿ ಸಿಗದಿದ್ದರೆ ಸೆಟ್ಟಿ, ಚೆಟ್ಟಿ ಹಾಕಿ. ಪೂಜಾರಿಗೆ ಎರಡು ‘ಓ’ ಒಮ್ಮೆ, ಬರೀ ‘ಯು’ ಇನ್ನೊಮ್ಮೆ. ಡಿಸೋಜಕ್ಕೆ ‘ಡಿ’ಯ ನಂತರದ ಮೇಲಿನ ಚುಕ್ಕಿ (ಅಪಾಸ್ಟ್ರಫಿ) ಇಟ್ಟು, ಬಿಟ್ಟು, ‘ಝಡ್’ ಬದಲು ‘ಎಸ್’ ಹಾಕಿ ನೋಡಿ. ಭಾರತೀಯ ಸಿಪಾಯಿಗಳ ಪೂರ್ತಿ ಹೆಸರು ಎಷ್ಟೋ ಸಲ ಸರ್‌ನೇಮ್ ಖಾನೆಯಲ್ಲೇ ಕೂತಿರುತ್ತದೆ. ಹಾಗಾಗಿ ಫಸ್ಟ್‌ನೇಮ್ ಖಾನೆ ಖಾಲಿ ಬಿಟ್ಟು ಶುರುಮಾಡುವುದು ಕ್ಷೇಮ.

ಹೆಸರಿನಿಂದ ಆಗದಿದ್ದರೆ ‘ಅಡಿಷನಲ್ ಇನ್ಫರ್ಮೇಷನ್’ ಖಾನೆಗೆ ಊರು ಹಾಕಿ, ಸೈನ್ಯವನ್ನು ಇಂಡಿಯನ್‌ಗೆ ಸೀಮಿತಗೊಳಿಸಿ. ಇಲ್ಲಿ ಈಗಿನ ಜಿಲ್ಲೆಯ ಹೆಸರು ನಡೆಯುವುದಿಲ್ಲ. ಆಗ ಇದೆಲ್ಲ ಮದ್ರಾಸ್ ಪ್ರೆಸಿಡೆನ್ಸಿಯ ಸೌತ್ ಕೆನರಾ. ಕೆನರಾ ‘ಸಿ’ಯಿಂದಲೂ ಇರಬಹುದು, ‘ಕೆ’ಯಿಂದಲೂ. ಉಡುಪಿಯನ್ನು ಬ್ರಿಟಿಷರ ಕಾಲದಲ್ಲಿ ‘ಉಡಿಪಿ’ ಎಂದೇ ಬರೆಯುತ್ತಿದ್ದರು.

ತಾರೀಕಿನ ಮಿತಿಯೂ ಇದೆ: 1914 ಆಗಸ್ಟ್ 4ರಿಂದ 1921 ಆಗಸ್ಟ್ 31, ಮತ್ತೆ 1939 ಸೆಪ್ಟೆಂಬರ್ 3ರಿಂದ 1947 ಡಿಸೆಂಬರ್ 31. ಬರ್ಮಾದಿಂದ ಬದುಕಿ ಬಂದು 1950ರಲ್ಲಿ ತೀರಿಕೊಂಡವರನ್ನು ಇಲ್ಲಿ ಹುಡುಕಿ ಫಲವಿಲ್ಲ. ಆಜಾದ್ ಹಿಂದ್ ಫೌಜಿನವರೂ ಇಲ್ಲ. 1962, 1971, ಕಾರ್ಗಿಲ್ ಹುತಾತ್ಮರ ಹೆಸರಿಗೆ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕವೇ ಗತಿ.

ದಾಖಲೆ ಸಿಕ್ಕಿತು ಅನ್ನಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಸ್ಥಳದ ಹೆಸರು ಕಂಡ ಕೂಡಲೇ ಅಜ್ಜನನ್ನು ಅಲ್ಲಿ ಮಣ್ಣು ಮಾಡಿದ್ದಾರೆ ಎಂದುಕೊಳ್ಳುತ್ತಾರೆ. ‘ರಂಗೂನ್ ಮೆಮೋರಿಯಲ್, ಫೇಸ್ 12’ ಎಂದಿದ್ದರೆ ಅದು ಸಮಾಧಿಯೇ ಅಲ್ಲ. ಗುರುತಿನ ಸಮಾಧಿ ಇಲ್ಲದ ಹತ್ತಿರ ಹತ್ತಿರ 27,000 ಮಂದಿಯ ಹೆಸರು ಕೆತ್ತಿದ ಕಂಬಗಳ ಒಂದು ಮುಖ. ‘ಕ್ರಿಮೇಷನ್ ಮೆಮೋರಿಯಲ್’ ಎಂದರೆ ದಹನವಾದವರದು. ಕೊಹಿಮಾದಲ್ಲಿ ಅಂಥ 917 ಹಿಂದೂ, ಸಿಖ್ ಸೈನಿಕರ ಸ್ಮಾರಕವಿದೆ. ‘ಕಲೆಕ್ಟಿವ್ ಗ್ರೇವ್ 8. ಎಫ್. 2-5’ ಎಂದಿದ್ದರೆ 8ನೇ ಪ್ಲಾಟಿನ ಎಫ್ ಸಾಲಿನಲ್ಲಿ 2ರಿಂದ 5ರವರೆಗಿನ ಜಾಗದಲ್ಲಿ ಹಲವರನ್ನು ಒಟ್ಟಿಗೆ ಹೂಳಿದ್ದಾರೆ. ಒಂದೇ ವಿಮಾನದಲ್ಲಿ, ಒಂದೇ ಟ್ಯಾಂಕಿನಲ್ಲಿ ಸತ್ತು ಬೇರೆ ಬೇರೆಯಾಗಿ ಗುರುತಿಸಲಾಗದವರಿಗೆ ಹೀಗೆ ಮಾಡುತ್ತಿದ್ದರು. ಆ ಸಾಲಿನಲ್ಲಿ ಯಾವ ಹೆಸರಿನ ಕಲ್ಲಿನಡಿ ಯಾರಿದ್ದಾರೆಂದು ಕೇಳುವಂತಿಲ್ಲ.

ಹಡಗಿನ ಕೆಲಸಕ್ಕೆ ಹೋದವರ ಮನೆಯವರು ಇದೊಂದನ್ನು ತಿಳಿದಿರಬೇಕು. ಎರಡನೇ ಯುದ್ಧದಲ್ಲಿ ಸಮುದ್ರಪಾಲಾದ ಭಾರತೀಯ ನೌಕಾಪಡೆಯ, ವ್ಯಾಪಾರಿ ಹಡಗುಗಳ 6,000ಕ್ಕೂ ಹೆಚ್ಚು ನಾವಿಕರ ಸ್ಮಾರಕ ಕಲ್ಲಲ್ಲ, ಪುಸ್ತಕ. ಒಂದು ಪ್ರತಿ ಚಿತ್ತಗಾಂಗ್‌ನಲ್ಲಿ, ಇನ್ನೊಂದು ಮುಂಬೈಯಲ್ಲಿ. ಹೂವು ಹಿಡಿದು ಹೋದರೆ ಇಡುವುದು ಎಲ್ಲಿ?

ಕೊರತೆ ದೊಡ್ಡದೇ ಇದೆ, ಜಾಲತಾಣದ್ದಲ್ಲ, ಹಳೆಯ ಕಮಿಷನ್ನಿನದು. ಮೊದಲ ಯುದ್ಧದಲ್ಲಿ ಸತ್ತವರಿಗಾಗಿ ಇರಾಕಿನಲ್ಲಿ ಕಟ್ಟಿದ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷರ ಹೆಸರು ಒಂದೊಂದಾಗಿ ಕೆತ್ತಿ, ಭಾರತೀಯ ಸಾಮಾನ್ಯ ಸಿಪಾಯಿಗಳನ್ನು ಪಲ್ಟಣದ ಕೆಳಗೆ ಬರೀ ಸಂಖ್ಯೆಯಾಗಿ ಬಿಟ್ಟರು. ಈ ತಾರತಮ್ಯವನ್ನು ಕಮಿಷನ್ 2021ರ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿದೆ.

ಟಿಕೆಟ್ ಮಾಡುವ ಮೊದಲು ದಾಖಲೆ ಪುಟವನ್ನು ಪ್ರಿಂಟ್ ತೆಗೆದು ಪಲ್ಟಣ, ಸರ್ವಿಸ್ ನಂಬರು ಎರಡನ್ನೂ ಮನೆಯ ಹಳೆ ಪಿಂಚಣಿ ಕಾಗದದೊಂದಿಗೆ ತಾಳೆ ನೋಡಿ. ಹೆಸರು ಒಂದೇ ಇದ್ದವರು ಹತ್ತು ಮಂದಿ ಸಿಗುತ್ತಾರೆ, ನಂಬರೂ ಬೇರೆ ಪಲ್ಟಣದಲ್ಲಿ ಇನ್ನೊಬ್ಬರಿಗೆ ಇರಬಹುದು; ಮೂರೂ ಕೂಡಿ ಬಂದರೆ ಮಾತ್ರ ನಂಬಿ.