ಮಕ್ಕಳಿಗೆ ಬೈಬಲ್ ಕಥೆ ಪುಸ್ತಕ: ದಪ್ಪ ಕಲೆಕ್ಷನ್ನಾ, ಫ್ಲಾಪ್ ಬುಕ್ಕಾ, ಒಂದೊಂದೇ ಕಥೇದಾ?

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಒಂದು ಪುಸ್ತಕಕ್ಕೆ ಒಂದೇ ಕಥೆ ಇರೋ ತೆಳು ಚಿತ್ರಪುಸ್ತಕಕ್ಕೆ. ಇಡೀ ಬೈಬಲ್ ತುಂಬಿರೋ ದಪ್ಪ ಕಲೆಕ್ಷನ್, ಪುಟ್ಟ ಮುಚ್ಚಳ ಎತ್ತಿದ್ರೆ ಕೆಳಗೆ ಚಿತ್ರ ಕಾಣೋ ರಟ್ಟಿನ ಹಾಳೆಯ ಫ್ಲಾಪ್ ಬುಕ್, ಕಾಮಿಕ್ಸ್ ಥರದ್ದು, ಎಲ್ಲಾನೂ ನಾಲ್ಕು ವರ್ಷದ ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಓದಿ ನೋಡಿನೇ ಹೇಳ್ತಿರೋದು.

ದಪ್ಪ ಕಲೆಕ್ಷನ್ ನೋಡೋಕೆ ಬಲು ಚೆಂದ, ಸೃಷ್ಟಿಯಿಂದ ಹಿಡಿದು ಬೈಬಲಿನ ಕೊನೇ ಭಾಗವಾದ ಪ್ರಕಟನೆವರೆಗೂ ಇದೆ, ಗಿಫ್ಟ್ ಕೊಡೋರಿಗೂ ಇದೇ ಇಷ್ಟ. ಆದ್ರೆ ನಮಗೆ ಸಿಕ್ಕಿದ್ದರಲ್ಲಿ ಒಂದು ಕಥೆಗೆ ಎರಡೇ ಪುಟ, ಒಂದೇ ಚಿತ್ರ, ಆ ಚಿತ್ರದಲ್ಲಿ ಕಥೆಯ ಕೊನೆಯನ್ನೇ ಬರೆದಿಟ್ಟಿದ್ದಾರೆ. ದೇವರು ಹೇಳಿದ ಕೆಲಸ ಬಿಟ್ಟು ಹಡಗು ಹತ್ತಿ ಓಡಿಹೋಗಿ, ದೊಡ್ಡ ಮೀನಿನ ಹೊಟ್ಟೆ ಸೇರಿದ ಪ್ರವಾದಿ ಯೋನನ ಕಥೆ ತಗೊಳ್ಳಿ. ಪುಟ ತೆಗೆದ ತಕ್ಷಣ ಮೀನು ಅವನನ್ನ ದಡಕ್ಕೆ ಉಗುಳಿರೋ ಚಿತ್ರ, ನಾನಿನ್ನೂ ಮೊದಲನೇ ಸಾಲಲ್ಲಿ ಯೊಪ್ಪ ಬಂದರಲ್ಲಿ ಅವನನ್ನ ಹಡಗು ಹತ್ತಿಸ್ತಾ ಇರ್ತೀನಿ. ಅಕ್ಷರ ಬರದ ಮಗು ಓದೋದು ಚಿತ್ರನೇ ಅಲ್ವಾ, ಅವಳ ಪಾಲಿಗೆ ಕಥೆ ಅಲ್ಲಿಗೇ ಮುಗೀತು, ಮುಂದಿನ ಪುಟ ತಿರುಗಿಸು ಅಂತ ಶುರು ಮಾಡ್ತಾಳೆ. ಬಿರುಗಾಳಿ, ಹಡಗಿನೋರು ಸಾಮಾನೆಲ್ಲ ಸಮುದ್ರಕ್ಕೆ ಎಸೆಯೋದು, ಮೀನಿನ ಹೊಟ್ಟೇಲಿ ಮೂರು ದಿನ ಮೂರು ರಾತ್ರಿ, ಅಲ್ಲಿಂದಲೇ ಪ್ರಾರ್ಥನೆ, ಒಂದಕ್ಕೂ ಚಿತ್ರ ಇಲ್ಲ.

ಕವಣೆ ಕಲ್ಲಿಂದ ದೈತ್ಯನನ್ನ ಹೊಡೆದುರುಳಿಸಿದ ಹುಡುಗ ದಾವೀದನ ಕಥೇನೂ ಇದೇ ಪಾಡು, ಆ ದೈತ್ಯ ಗೊಲ್ಯಾತ ಮೊದ್ಲೇ ಅಂಗಾತ ಬಿದ್ದಿದ್ದಾನೆ. ದಾವೀದ ರಾಜ ಸೌಲನ ಕವಚ ಹಾಕ್ಕೊಂಡು ನಡೆಯೋಕಾಗದೆ ಬಿಚ್ಚಿಡೋದು, ಹಳ್ಳಕ್ಕೆ ಹೋಗಿ ನುಣುಪಾದ ಐದು ಕಲ್ಲು ಆರಿಸೋದು, ಮಕ್ಕಳು ಕಣ್ಣರಳಿಸಿ ಕೇಳೋದೇ ಇಂಥದ್ದನ್ನ, ಅದೆರಡೂ ಪುಸ್ತಕದಲ್ಲೇ ಇಲ್ಲ! ಸಾಲದ್ದಕ್ಕೆ ಚಿತ್ರ ಎರಡೂ ಪುಟಕ್ಕೆ ಹರಡಿರೋದ್ರಿಂದ ದಾವೀದ ಅರ್ಧ ಬೈಂಡಿಂಗ್ ಒಳಗೆ ಸೇರ್ಕೊಂಡಿದ್ದಾನೆ.

ಅದೇ ಯೋನನ ಕಥೆ ತೆಳು ಪುಸ್ತಕದಲ್ಲಿ ನೋಡಿ. ಹಡಗಿಗೆ ಒಂದು ಪುಟ, ಅಲೆಗಳಿಗೆ ಒಂದು ಪುಟ, ಆಮೇಲೆ ಪುಟ ಪೂರ್ತಿ ಕಪ್ಪು, ನಡುವೆ ಮಂಡಿಯೂರಿರೋ ಪುಟ್ಟ ಯೋನ. ಪುಟಕ್ಕೆ ಎರಡು ಮೂರು ಸಾಲು ಅಷ್ಟೇ. ಮಗಳು ಹಾಳೆ ತುದಿ ಹಿಡ್ಕೊಂಡೇ ಕೂತಿರ್ತಾಳೆ, ನಾನು ಸಾಲು ಮುಗಿಸಿದ ಕೂಡ್ಲೇ ಅವಳೇ ತಿರುಗಿಸ್ತಾಳೆ.

ಫ್ಲಾಪ್ ಬುಕ್ ಎರಡು ವರ್ಷದೊಳಗಿನ ಮಕ್ಕಳಿಗೆ ಸರಿ, ಫ್ಲಾಪ್ ಕಿತ್ತು ಬರುತ್ತೆ, ಕಥೆ ಅಂತ ಏನೂ ಇರಲ್ಲ. ಕಾಮಿಕ್ಸ್ ತಾನೇ ಓದೋ ಮಕ್ಕಳಿಗೆ ಚೆನ್ನಾಗಿದೆ, ನಾವು ಓದಿ ಹೇಳೋಕೆ ಹೋದ್ರೆ ಇದು ಯಾರ ಮಾತು ಅದು ಯಾರ ಮಾತು ಅಂತ ಬೆರಳಿಟ್ಟು ತೋರಿಸೋದ್ರಲ್ಲೇ ಸುಸ್ತು.

ತಗೊಳ್ಳೋಕೆ ಮುಂಚೆ ಒಳಗೆ ತೆಗೆದು ನೋಡಿ. ನೋಹನ ಕಥೆ ಆದ್ರೆ ನಾವೆಯಿಂದ ಜಿರಾಫೆ ಇಣುಕೋ ಚಿತ್ರ ಎಲ್ಲದರಲ್ಲೂ ಇರುತ್ತೆ, ಕಾಮನಬಿಲ್ಲೂ, ಇನ್ಮುಂದೆ ಪ್ರಳಯದಿಂದ ಭೂಮಿ ಹಾಳುಮಾಡಲ್ಲ ಅನ್ನೋ ದೇವರ ವಾಗ್ದಾನವೂ ಇದೆಯಾ ಅಂತ ನೋಡಿ, ಅದಿಲ್ಲದಿದ್ರೆ ನಾನಂತೂ ತಗೊಳ್ಳಲ್ಲ.

ನಮ್ಮನೇಲಿ ಮಲಗೋ ಮುಂಚೆ ಒಂದೇ ಕಥೆ, ಅದನ್ನೇ ವಾರಗಟ್ಟಲೆ ಕೇಳ್ತಾಳೆ, ಹಾಗಾಗಿ ನೂರಾರು ಕಥೆ ಇದ್ದು ಉಪಯೋಗ ಇಲ್ಲ. ಬಿಡಿ ಬಿಡಿಯಾಗಿ ತಗೊಂಡ್ರೆ ಒಟ್ಟು ದುಡ್ಡು ಜಾಸ್ತಿನೇ ಆಗುತ್ತೆ, ಆದ್ರೆ ಒಂದೇ ಸಲ ಕೈ ಕಚ್ಚಲ್ಲ. ಸಂಡೇ ಸ್ಕೂಲಲ್ಲಿ ಕಥೆ ಹೇಳೋರಿಗೆ ದಪ್ಪದ್ದೇ ಅನುಕೂಲ ಇರಬಹುದು. ನಾನು ಮುಂದಿನ ಸಲ ಕುಳ್ಳಗಿದ್ದ ಸುಂಕದವನು ಜಕ್ಕಾಯನ ಕಥೆ ತಗೋಬೇಕು ಅಂತಿದೀನಿ, ಯೇಸುನ ನೋಡೋಕೆ ಅವನು ಮರ ಹತ್ತೋದಕ್ಕೇ ಅಂತ ಒಂದು ಪುಟ ಇದ್ರೆ ಮಾತ್ರ.