ಕೋಳಿ ನೀರಿನ ಆಸಿಡಿಫೈಯರ್: ಸರಕು ಒಳ್ಳೆಯದೇ, ಅಳತೆ ನಮ್ಮ ಬಾವಿಯದ್ದಲ್ಲ

ಆ್ಯಂಟಿಬಯಾಟಿಕ್ ಇಲ್ಲದೆ ಬ್ರಾಯ್ಲರ್ ಸಾಕುತ್ತೇವೆ ಎಂದವರಿಗೆ ಮಂಗಳೂರು, ಉಡುಪಿಯ ಫೀಡ್ ಅಂಗಡಿಗಳಲ್ಲಿ ಸಿಗುವುದು ಮುಖ್ಯವಾಗಿ ಮೂರು: ನೀರನ್ನು ಹುಳಿಯಾಗಿಸಲು ಹಾಕುವ ಆಸಿಡಿಫೈಯರ್, ಫೀಡಿಗೆ ಬೆರೆಸುವ ಪ್ರೋಬಯಾಟಿಕ್ (ಹೊಟ್ಟೆಗೆ ಒಳ್ಳೆಯ ಜೀವಾಣು), ಗಿಡಮೂಲಿಕೆ ಪುಡಿ. ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಮೊದಲನೆಯದು. ಬಳಸುವಾಗ ಹೆಚ್ಚು ಎಡವುವುದೂ ಅದರಲ್ಲೇ.

ಇದರಲ್ಲಿರುವುದು ಹೆಚ್ಚಾಗಿ ಫಾರ್ಮಿಕ್, ಪ್ರೊಪಿಯಾನಿಕ್ ಆಮ್ಲ. ನೀರಿನ ಪಿಎಚ್ (ಹುಳಿಯ ಅಳತೆ, ಹುಳಿ ಏರಿದಂತೆ ಅಂಕಿ ಇಳಿಯುತ್ತದೆ) ಇಳಿದಷ್ಟೂ ಆಮ್ಲ ಒಡೆಯದೆ ಉಳಿಯುತ್ತದೆ. ಹಾಗೆ ಉಳಿದದ್ದು ಮಾತ್ರ ಇ. ಕೋಲೈ, ಸಾಲ್ಮೊನೆಲ್ಲಾದಂಥ ರೋಗದ ಬ್ಯಾಕ್ಟೀರಿಯಾಗಳ ಒಳಹೊಕ್ಕು ಅವನ್ನು ಕೊಲ್ಲುತ್ತದೆ. ಬೇಕಾದ ಪಿಎಚ್ 4ರಿಂದ 4.5.

ಡಬ್ಬಿಯ ಮೇಲೆ ಲೀಟರಿಗೆ 1 ಮಿಲಿ ಎಂದಿದ್ದರೆ ಅದು ಘಟ್ಟದ ಮೇಲಿನ ಬೋರ್‌ವೆಲ್ಲಿನ ಗಡಸು ನೀರಿಗೆ ಸರಿ. ನಮ್ಮ ಮುರಕಲ್ಲು ನೆಲದ ಬಾವಿ ನೀರು ಮೆದು, ಮೊದಲೇ ತುಸು ಹುಳಿ. ಅಷ್ಟೇ ಸುರಿದರೆ ಪಿಎಚ್ 4ಕ್ಕಿಂತ ಕೆಳಗಿಳಿದು ಕೋಳಿ ನೀರು ಕುಡಿಯುವುದನ್ನೇ ಬಿಡುತ್ತದೆ. ನೀರು ಬಿಟ್ಟ ಕೋಳಿ ಫೀಡನ್ನೂ ಬಿಡುತ್ತದೆ. 500 ಲೀಟರ್ ಟ್ಯಾಂಕಿಗೆ 100 ಮಿಲಿಯಿಂದ ಶುರುಮಾಡಿ, ಕಲಕಿ, ಪಿಎಚ್ ಅಳೆದು, ಐವತ್ತೈವತ್ತು ಮಿಲಿ ಏರಿಸುವುದು ಲೇಸು. ಅಳೆಯಬೇಕಾದದ್ದು ಟ್ಯಾಂಕಿನಲ್ಲಲ್ಲ, ನೀರಿನ ಪೈಪ್ ಲೈನಿನ ಕೊನೆಯ ನಿಪ್ಪಲಿನಲ್ಲಿ (ಕೋಳಿ ಕೊಕ್ಕಿನಿಂದ ಒತ್ತಿ ಕುಡಿಯುವ ತೊಟ್ಟಿನಲ್ಲಿ). (ಹೊಳೆಬದಿಯ ಉಪ್ಪುನೀರಿನ ಬಾವಿಯ ಲೆಕ್ಕ ಬೇರೆ.)

ಹಳೆಯ ಲೈನಿಗೆ ಮೊದಲ ಸಲ ಬಿಡುವುದಾದರೆ ಶೆಡ್ ಖಾಲಿ ಇರುವಾಗಲೇ ಬಿಡಿ. ಪೈಪಿನ ಒಳಗಿನ ಲೋಳೆ ಕಿತ್ತು ಬಂದು ನಿಪ್ಪಲ್ ಕಟ್ಟುತ್ತದೆ. ಮರಿ ಇದ್ದರೆ ಅವಕ್ಕೆ ನೀರೇ ಇಲ್ಲ. ಬ್ಲೀಚಿಂಗ್ ಪೌಡರಿನ ಜೊತೆ ಎಂದೂ ಸೇರಿಸಬಾರದು, ಕ್ಲೋರಿನ್ ಅನಿಲ ಏಳುತ್ತದೆ. ನೀರಿನಲ್ಲಿ ಲಸಿಕೆ ಕೊಡುವ ಹಿಂದಿನ ದಿನವೇ ಆಸಿಡಿಫೈಯರ್ ನಿಲ್ಲಿಸಿ ಲೈನ್ ತೊಳೆಯಬೇಕು. ಇಲ್ಲದಿದ್ದರೆ ಲಸಿಕೆಗೆ ಬೆರೆಸುವ ಹಾಲಿನ ಪುಡಿ ಒಡೆಯುತ್ತದೆ, ಲಸಿಕೆಯೂ ಹಾಳು.

ಪ್ರೋಬಯಾಟಿಕ್‌ನಲ್ಲಿ ನೋಡಬೇಕಾದದ್ದು ಜೀವಾಣುವಿನ ಹೆಸರು. ಬ್ಯಾಸಿಲಸ್ ಸಬ್ಟಿಲಿಸ್ ಬೀಜಕದ (ಸ್ಪೋರ್) ರೂಪದಲ್ಲಿರುವುದರಿಂದ ಫೀಡನ್ನು ಒತ್ತಿ ಪೆಲೆಟ್ ಮಾಡುವ ಬಿಸಿಯನ್ನು ತಾಳುತ್ತದೆ. ಲ್ಯಾಕ್ಟೋಬ್ಯಾಸಿಲಸ್ ತಾಳದು, ಕ್ಲೋರಿನ್ ನೀರಿನಲ್ಲೂ ಉಳಿಯದು. ಟನ್ನಿಗೆ 500 ಗ್ರಾಂ ಎಂದಿದ್ದರೆ ಮೊದಲು 10 ಕಿಲೋ ಜೋಳದ ಹಿಟ್ಟಿಗೆ ಬೆರೆಸಿ, ಆಮೇಲೆ ಉಳಿದದ್ದಕ್ಕೆ.

ಗಿಡಮೂಲಿಕೆ ಪುಡಿಗೆ ಅಂಕ ಕಡಿಮೆ. ಓಮದಲ್ಲಿರುವ ಥೈಮಾಲ್ ಬ್ಯಾಕ್ಟೀರಿಯಾ ತಡೆಯುತ್ತದೆ ನಿಜ, ಆದರೆ ಶೇಕಡಾ ಎಷ್ಟಿದೆ ಎಂದು ಬರೆಯದ ಚೀಲದಲ್ಲಿ ಕೊಂಡದ್ದು ಬರೀ ಪರಿಮಳ. ಬಾಯಿ ತೆರೆದಿಟ್ಟ ಚೀಲದಲ್ಲಿ ಆ ಪರಿಮಳವೂ ನಿಲ್ಲುವುದಿಲ್ಲ.

ಯುರೋಪ್ 2006ರಲ್ಲೇ ಬೆಳವಣಿಗೆಗೆಂದು ಆ್ಯಂಟಿಬಯಾಟಿಕ್ ಕೊಡುವುದನ್ನು ನಿಲ್ಲಿಸಿತು. ನಮ್ಮಲ್ಲಿ 2019ರಲ್ಲಿ ಕೋಳಿ, ಜಾನುವಾರುಗಳಿಗೆ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಕೊಡುವುದು ನಿಷೇಧವಾಯಿತು. ಅವು ತುಂಬುತ್ತಿದ್ದ ಜಾಗಕ್ಕೆ ಈ ಡಬ್ಬಿಗಳು ಬರಬಹುದೇ ಹೊರತು ಔಷಧದ ಜಾಗಕ್ಕಲ್ಲ. ಕೋಳಿ ರೆಕ್ಕೆ ಇಳಿಬಿಟ್ಟು ಕೂತರೆ ಪಶುವೈದ್ಯರನ್ನೇ ಕರೆಯಬೇಕು. ಮಳೆಗಾಲದ ಜೋಳಕ್ಕೂ ಇದೇ ಮಾತು: ಪ್ರೊಪಿಯಾನಿಕ್ ಆಮ್ಲ ಹೊಸ ಬೂಷ್ಟು ತಡೆಯುತ್ತದೆ, ಆಗಲೇ ಸೇರಿಕೊಂಡ ಬೂಷ್ಟಿನ ವಿಷ ಅಫ್ಲಾಟಾಕ್ಸಿನ್ ಅದರಿಂದ ಹೋಗುವುದಿಲ್ಲ. ಅಂಥ ಜೋಳದ ಚೀಲ ಅಂಗಡಿಗೇ ವಾಪಸು.